ಏರಿಗೆ ತಕ್ಕ ಮೋಟಾರು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನಲ್ಲಿ ಮನೆಯಿಂದ ಹೊರಟವರು ಎಲ್ಲಿಗೆ ಹೋದರೂ ಒಂದು ಏರು ಹತ್ತಲೇಬೇಕು, ಒಂದು ಇಳಿಜಾರು ಇಳಿಯಲೇಬೇಕು. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರು, ಬಿಜೈಯಿಂದ ಕದ್ರಿಯ ಕಡೆಗೆ ಏರು. ಉಡುಪಿಯವರಿಗಂತೂ ಮಣಿಪಾಲದ ಏರು ಗೊತ್ತೇ ಇದೆ. ಸ್ಕೂಟರಿನಲ್ಲಿ ಹೋಗುವವರಿಗೆ ಇವು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಕಾಲಿನಲ್ಲಿ ಬಲವಿಲ್ಲದೆ, ಕೈಯಿಂದ ಹಿಡಿಕೆ ತಿರುಗಿಸುತ್ತಾ ತ್ರಿಚಕ್ರ ಸೈಕಲ್ ಓಡಿಸುವವರಿಗೆ ಊರಿನ ನಕ್ಷೆಯೆಂದರೆ ಈ ಏರುಗಳ ಪಟ್ಟಿಯೇ. ಯಾವ ಬ್ಯಾಂಕಿಗೆ ಹೋಗಬಹುದು, ಯಾವ ಔಷಧಿ ಅಂಗಡಿಗೆ ಹೋಗಲಾಗದು ಎಂಬುದನ್ನು ತೀರ್ಮಾನಿಸುವುದು ದೂರವಲ್ಲ, ಏರು.

ಇಂಥ ಕೈ ಸೈಕಲಿಗೆ ಕಡಿಮೆ ಖರ್ಚಿನಲ್ಲಿ ವಿದ್ಯುತ್ ಮೋಟಾರಿನ ಕಿಟ್ ಆರಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತು. ಈ ಕೆಲಸದಲ್ಲಿ ಕೈಯಾಡಿಸುತ್ತಿರುವ ನನ್ನ ಬಳಿಗೆ ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಎಷ್ಟು ವ್ಯಾಟ್ ಹಾಕಿಸಲಿ, ಎಷ್ಟು ಸ್ಪೀಡ್ ಹೋಗುತ್ತದೆ?’ ನಾನು ಅವರನ್ನು ಮರಳಿ ಕೇಳುವುದು ಬೇರೆಯೇ: ನಿಮ್ಮ ದಾರಿಯ ಅತಿ ಕಡಿದಾದ ಏರು ಯಾವುದು? ಜುಲೈ ತಿಂಗಳ ಮಳೆಯಲ್ಲಿ ಅದರ ನಡುಮಧ್ಯೆ ನಿಲ್ಲಬೇಕಾಗಿ ಬಂದರೆ ಮತ್ತೆ ಹೊರಡಬಲ್ಲಿರಾ? ಕಿಟ್ಟಿನ ಆಯ್ಕೆ ಇಲ್ಲಿಂದ ಶುರುವಾಗಬೇಕು.

ಏರನ್ನು ಅಳೆಯುವುದು ಸುಲಭ. ಒಂದು ಮೀಟರ್ ಉದ್ದದ ನೆಟ್ಟನೆಯ ಹಲಗೆ ಮತ್ತು ಮೇಸ್ತ್ರಿಗಳ ಬಳಿ ಇರುವ ರಸಮಟ್ಟ ಸಾಕು. ಹಲಗೆಯನ್ನು ದಾರಿಯ ಉದ್ದಕ್ಕೆ ಇಟ್ಟು, ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ತಗ್ಗಿನ ಕಡೆಯ ತುದಿಯನ್ನು ಎತ್ತಿ. ಆ ತುದಿಗೂ ರಸ್ತೆಗೂ ನಡುವೆ ಎಂಟು ಸೆಂಟಿಮೀಟರ್ ಅಂತರವಿದ್ದರೆ ಏರು ಶೇಕಡಾ 8. ಹನ್ನೆರಡಿದ್ದರೆ ಶೇಕಡಾ 12. ಮನೆಯ ಗೇಟಿನಿಂದ ರಸ್ತೆಗೆ ಸೇರುವ ತುಂಡು ದಾರಿಯನ್ನೂ ಅಳೆಯಿರಿ. ನಮ್ಮ ಕಡೆ ಮುಖ್ಯ ರಸ್ತೆಗಿಂತ ಈ ತುಂಡು ದಾರಿಯೇ ಎಷ್ಟೋ ಸಲ ಹೆಚ್ಚು ಕಡಿದಾಗಿರುತ್ತದೆ.

ಈಗ ಸ್ವಲ್ಪ ಲೆಕ್ಕ. ಓಡಿಸುವವರ ತೂಕ 65 ಕಿಲೊ, ಸೈಕಲ್ 35 ಕಿಲೊ, ಮೋಟಾರು, ಬ್ಯಾಟರಿ, ಚೀಲ ಸೇರಿ ಇನ್ನೊಂದು 10 ಕಿಲೊ ಎಂದಿಟ್ಟುಕೊಳ್ಳಿ. ಒಟ್ಟು 110 ಕಿಲೊ. ಇದನ್ನು ಶೇಕಡಾ 8ರ ಏರಿನಲ್ಲಿ ಗಂಟೆಗೆ 6 ಕಿಲೊಮೀಟರ್ ವೇಗದಲ್ಲಿ, ಅಂದರೆ ಚುರುಕಾಗಿ ನಡೆಯುವವರ ವೇಗದಲ್ಲಿ ಹತ್ತಿಸಲು ಚಕ್ರದ ಬಳಿ ಸುಮಾರು 170 ವ್ಯಾಟ್ ಶಕ್ತಿ ಬೇಕು. ಕ್ರೀಡಾ ತರಬೇತಿ ಇಲ್ಲದ ತೋಳುಗಳು ಸತತವಾಗಿ 50 ವ್ಯಾಟ್ ಕೊಟ್ಟರೆ ದೊಡ್ಡದು. ಉಳಿದ 120 ವ್ಯಾಟ್ ಮೋಟಾರಿನಿಂದ ಬರಬೇಕು. ಶೇಕಡಾ 12ರ ಏರಿಗೂ ಮೋಟಾರಿನ ಪಾಲು 200 ವ್ಯಾಟ್ ದಾಟುವುದಿಲ್ಲ. ಹಾಗಾದರೆ 1000 ವ್ಯಾಟಿನ ಕಿಟ್ ಮಾರಲು ಬಂದವರಿಗೆ ಧೈರ್ಯವಾಗಿ ಬೇಡ ಎನ್ನಿ. 250 ವ್ಯಾಟ್ ಸಾಕು.

ಆದರೆ ಯಾವ 250 ಎಂಬುದು ಮುಖ್ಯ. ಪ್ರತಿ ಮೋಟಾರಿಗೂ ಒಂದು ಹಿತವಾದ ವೇಗವಿದೆ. ಅದಕ್ಕಿಂತ ತೀರಾ ನಿಧಾನವಾಗಿ ತಿರುಗಿಸಿದರೆ ಬ್ಯಾಟರಿಯಿಂದ ಬಂದ ವಿದ್ಯುತ್ತು ಬಲವಾಗುವ ಬದಲು ಬಿಸಿಯಾಗಿ ಹೋಗುತ್ತದೆ. ಸಾಮಾನ್ಯ ಸೈಕಲಿಗಾಗಿ ಮಾಡಿದ ಕಿಟ್ಟುಗಳು ಓಟಕ್ಕೆ ಹೊಂದಿಸಿದವು. ನಮಗೆ ಬೇಕಾದದ್ದು ಹತ್ತುವ ಮೋಟಾರು. ಆದ್ದರಿಂದ ಅಂಗಡಿಯಲ್ಲಿ ವ್ಯಾಟ್ ಕೇಳಿದ ಮೇಲೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಕೇಳಿ. 20 ಇಂಚಿನ ಚಕ್ರ ನಿಮಿಷಕ್ಕೆ 160 ಸುತ್ತು ತಿರುಗಿದರೆ ಗಂಟೆಗೆ 15 ಕಿಲೊಮೀಟರ್ ಆಯಿತು. ನಮ್ಮ ರಸ್ತೆಗಳಲ್ಲಿ, ನೆಲಕ್ಕೆ ಹತ್ತಿರ ಕುಳಿತು ಹೋಗುವವರಿಗೆ ಅದಕ್ಕಿಂತ ಹೆಚ್ಚಿನ ವೇಗ ಏಕೆ? ಚಕ್ರ ಚಿಕ್ಕದಾದಷ್ಟೂ ಅದೇ ಮೋಟಾರು ಹೆಚ್ಚು ಬಲವಾಗಿ ತಳ್ಳುತ್ತದೆ ಎಂಬುದನ್ನೂ ನೆನಪಿಡಿ. 26 ಇಂಚಿನ ಚಕ್ರದಲ್ಲಿ ಏದುಸಿರು ಬಿಡುವ ಮೋಟಾರು 20 ಇಂಚಿನಲ್ಲಿ ಆರಾಮವಾಗಿ ಹತ್ತುತ್ತದೆ.

ಚಕ್ರದ ನಡುವಿನ ಗುಂಭದೊಳಗೇ ಕೂರುವ ಹಬ್ ಮೋಟಾರಿನಲ್ಲಿ ಎರಡು ಬಗೆ. ಒಳಗೆ ಹಲ್ಲುಚಕ್ರಗಳಿರುವ ಗೇರ್ ಹಬ್ ಹಗುರ, ಸುಮಾರು ಮೂರು ಕಿಲೊ, ನಿಧಾನದ ಏರಿಗೆ ಒಳ್ಳೆಯದು. ಹಲ್ಲುಚಕ್ರವಿಲ್ಲದ ನೇರ ಹಬ್ ಅದರ ಹೆಚ್ಚುಕಡಿಮೆ ಇಮ್ಮಡಿ ತೂಗುತ್ತದೆ. ಮೋಟಾರಿನ ವಿದ್ಯುತ್ತನ್ನು ಹತೋಟಿಯಲ್ಲಿಡುವ ಪೆಟ್ಟಿಗೆ, ಅಂದರೆ ಕಂಟ್ರೋಲರ್, ತಕ್ಕದ್ದಾಗಿದ್ದರೆ ಈ ನೇರ ಹಬ್ ಇಳಿಜಾರಿನಲ್ಲಿ ಬ್ರೇಕಿಗೂ ಒದಗುತ್ತದೆ, ಆದರೆ ಏರಿನಲ್ಲಿ ಬೇಗ ಬಿಸಿಯಾಗುತ್ತದೆ. ಮಂಗಳೂರಿನ ಮಟ್ಟಿಗೆ ನನ್ನ ಆಯ್ಕೆ ಗೇರ್ ಹಬ್, ಅದರ ಜೊತೆಗೆ ಒಳ್ಳೆಯ ಬ್ರೇಕ್. ಮೋಟಾರಿಗೆ ಹಣ ಎತ್ತಿಡುವ ಮೊದಲೇ ಬ್ರೇಕಿಗೆ ಎತ್ತಿಡಿ. ಹತ್ತಿಸಿದ ಮೋಟಾರು ಇಳಿಯುವಾಗ ಹಿಡಿಯುವುದಿಲ್ಲ. ಎರಡು ಬೇರೆ ಬೇರೆ ಬ್ರೇಕುಗಳಿರಬೇಕು, ಅವುಗಳಲ್ಲಿ ಒಂದು ನಿಂತ ಸೈಕಲನ್ನು ಇಳಿಜಾರಿನಲ್ಲಿ ಹಿಡಿದಿಡುವಂಥದ್ದಾಗಿರಬೇಕು. ಬ್ರೇಕ್ ಹಿಡಿಕೆ ಒತ್ತಿದ ಕ್ಷಣ ಮೋಟಾರು ತಾನಾಗಿ ನಿಲ್ಲುವ ಸ್ವಿಚ್ ಕಿಟ್ಟಿನಲ್ಲಿ ಇದೆಯೇ ನೋಡಿ. ಇಲ್ಲದ ಕಿಟ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಇಲ್ಲಿ ಕೈ ಸೈಕಲಿಗೆ ಮಾತ್ರ ಇರುವ ಒಂದು ತೊಡಕಿದೆ. ಸಾಮಾನ್ಯ ಸೈಕಲ್ ಮೆಕ್ಯಾನಿಕ್ ಅದನ್ನು ಯೋಚಿಸಿರುವುದಿಲ್ಲ. ಸಾಧಾರಣ ಸೈಕಲಿನಲ್ಲಿ ಕೈ ಇರುವ ಹ್ಯಾಂಡಲ್ ಸ್ಥಿರವಾಗಿರುತ್ತದೆ. ಆಕ್ಸಿಲರೇಟರನ್ನು ಅಲ್ಲಿ ಬಿಗಿದರೆ ಕೆಲಸ ಮುಗಿಯಿತು. ಎರಡೂ ಕೈಯಿಂದ ತಿರುಗಿಸುವ ಸೈಕಲಿನಲ್ಲಿ ಹಿಡಿಕೆಗಳೇ ಸುತ್ತುತ್ತಿರುತ್ತವೆ. ಅಲ್ಲಿಗೆ ವೈರು ಎಳೆದರೆ ಕೆಲವೇ ಸುತ್ತಿನಲ್ಲಿ ಹೊಸೆದುಕೊಂಡು ಕಿತ್ತುಹೋಗುತ್ತದೆ. ಒಂದು ಕೈಯಿಂದ ತಿರುಗಿಸಿ ಇನ್ನೊಂದು ಕೈಯಿಂದ ದಿಕ್ಕು ಹಿಡಿಯುವ ಬಗೆಯಲ್ಲಿ ಈ ಕಷ್ಟವಿಲ್ಲ. ದಿಕ್ಕಿನ ಹಿಡಿಕೆಯ ಮೇಲೇ ಆಕ್ಸಿಲರೇಟರ್ ಕೂರಿಸಬಹುದು.

ಎರಡು ಕೈಯ ಸೈಕಲಿಗೆ ಒಳ್ಳೆಯ ದಾರಿಯೆಂದರೆ ಪೆಡಲ್ ಅಸಿಸ್ಟ್ ಸೆನ್ಸರ್. ಹಿಡಿಕೆಗಳನ್ನು ಹೊತ್ತು ಸುತ್ತುವ ಕ್ರ್ಯಾಂಕಿನ ಅಚ್ಚಿಗೆ ಅಯಸ್ಕಾಂತದ ಬಿಲ್ಲೆ ಹಾಕುತ್ತಾರೆ. ಅದು ತಿರುಗಿದ್ದನ್ನು ಸೆನ್ಸರ್ ಕಂಡು ಮೋಟಾರನ್ನು ಚಾಲೂ ಮಾಡುತ್ತದೆ. ಕೈ ನಿಂತರೆ ಮೋಟಾರೂ ನಿಲ್ಲುತ್ತದೆ, ಆದರೆ ಅಗ್ಗದ ಸೆನ್ಸರುಗಳಲ್ಲಿ ಅರೆಕ್ಷಣ ತಡವಾಗಿ. ಆ ಅರೆಕ್ಷಣ ಬಸ್ಸಿನ ಹಿಂದೆ ನಿಲ್ಲುವಾಗ ತುಂಬಾ ದೊಡ್ಡದು. ಬ್ರೇಕಿನ ಸ್ವಿಚ್ಚಿಗೆ ನಾನು ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೇ. ಇನ್ನೊಂದು ಕೊರತೆಯೂ ಇದೆ: ಏರಿನ ನಡುವೆ ನಿಂತಾಗ ಮೊದಲ ಕಾಲು ಸುತ್ತನ್ನು ಕೈಯೇ ತಿರುಗಿಸಬೇಕು, ಆಮೇಲಷ್ಟೇ ಮೋಟಾರಿನ ನೆರವು. ಹೊರಡುವ ಆ ಗಳಿಗೆಗಾಗಿ ಕ್ರ್ಯಾಂಕಿನ ಕೆಳಗಿನ ಸ್ಥಿರ ಕೊಳವೆಯ ಮೇಲೆ, ಬೆರಳಿಗೆ ಎಟಕುವಲ್ಲಿ, ಚಿಕ್ಕದೊಂದು ಒತ್ತುವ ಆಕ್ಸಿಲರೇಟರ್ ಕೂಡ ಹಾಕಿಸಿ. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿ ಬೆರಳಿನ ಹಿಡಿತ ಸಡಿಲವಾದವರಿಗೆ ತಿರುಚುವ ಆಕ್ಸಿಲರೇಟರ್ ಆಗುವುದಿಲ್ಲ. ಅಂಗೈಯಿಂದಲೋ ಮಣಿಕಟ್ಟಿನಿಂದಲೋ ಒತ್ತಬಹುದಾದ ಅಗಲ ಗುಂಡಿ ಬೇಕು. ಅಂಗಡಿಯವನು ತನ್ನ ಕೈಯಿಂದ ತೋರಿಸಿದರೆ ಸಾಲದು, ಓಡಿಸುವವರ ಕೈಯಲ್ಲೇ ನಡೆಯಬೇಕು.

ಮೋಟಾರು ಚಕ್ರ ಕೂರಿಸಲು ಮುಂದಿನ ಚಕ್ರ ಬಿಚ್ಚುವ ಮುನ್ನ ಅದರೊಳಗೆ ಏನಿದೆ ಎಂದೂ ನೋಡಿಕೊಳ್ಳಿ. ಹೊರದೇಶದಿಂದ ಬಂದ ಕೆಲವು ಹ್ಯಾಂಡ್‌ಸೈಕಲುಗಳಲ್ಲಿ ಗೇರುಗಳೂ, ಹಿಂದಕ್ಕೆ ತಿರುಗಿಸಿದರೆ ಹಿಡಿಯುವ ಬ್ರೇಕೂ ಮುಂದಿನ ಗುಂಭದೊಳಗೇ ಇರುತ್ತವೆ. ಅದನ್ನು ತೆಗೆದು ಮೋಟಾರು ಚಕ್ರ ಹಾಕಿದರೆ ಗೇರೂ ಹೋಯಿತು, ಬ್ರೇಕೂ ಹೋಯಿತು. ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕಿನ ಒಳ ಅಗಲವನ್ನೂ ಅಳತೆ ಮಾಡಿಕೊಂಡೇ ಹೋಗಿ. ಮೋಟಾರಿನ ಅಚ್ಚು ತಿರುಗದಂತೆ ತಡೆಯುವ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಕೇಳಿ ಪಡೆಯಿರಿ. ಅದಿಲ್ಲದೆ ಒಂದು ದಿನ ಅಚ್ಚು ಫೋರ್ಕಿನೊಳಗೇ ತಿರುಗಿ, ವೈರು ಹರಿದು, ಚಕ್ರ ಕಳಚಬಹುದು.

ಮಳೆಗಾಲದ ಮಾತಿಗೆ ಬರುತ್ತೇನೆ. ನಮ್ಮ ಕಾಂಕ್ರೀಟು ರಸ್ತೆಗಳ ಅಂಚಿನಲ್ಲಿ, ಮುರಕಲ್ಲಿನ ಗೋಡೆಯ ಬದಿಯಲ್ಲಿ ಪಾಚಿ ಕಟ್ಟುತ್ತದೆ. ಕೈ ಸೈಕಲ್ ಹೋಗುವುದು ಆ ಅಂಚಿನಲ್ಲೇ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಎಳೆಯಬೇಕಾದ ಮುಂದಿನ ಚಕ್ರ ಹಗುರವಾಗುತ್ತದೆ, ಮೋಟಾರು ಎಷ್ಟು ಬಲವಾಗಿದ್ದರೂ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಮುಂದಿನ ಚಕ್ರವನ್ನು ಮನೆಯ ತೂಕದ ಯಂತ್ರದ ಮೇಲೆ, ಹಿಂದಿನ ಎರಡನ್ನೂ ಅಷ್ಟೇ ಎತ್ತರದ ಹಲಗೆಯ ಮೇಲೆ ಇಟ್ಟು, ಓಡಿಸುವವರು ಕುಳಿತು ನೋಡಿ. ಒಟ್ಟು 110 ಕಿಲೊದಲ್ಲಿ ಮುಂದೆ 30 ಕಿಲೊ ಕೂಡ ಬೀಳದಿದ್ದರೆ ಒದ್ದೆಯ ಕಡಿದಾದ ಏರಿನಲ್ಲಿ ಚಕ್ರ ಜಾರುತ್ತದೆ. ಬ್ಯಾಟರಿಯನ್ನು ಸೀಟಿನ ಹಿಂದೆ ಕಟ್ಟುವ ಬದಲು ಮುಂದಿನ ಚಕ್ರದ ಮೇಲೆ ಕೂರಿಸಿ, ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಎಷ್ಟೋ ಸುಧಾರಿಸುತ್ತದೆ. ಮಲ್ಪೆ, ಪಣಂಬೂರಿನಂಥ ಸಮತಟ್ಟಿನಲ್ಲಿರುವವರಿಗೆ ಈ ಚಿಂತೆ ಕಡಿಮೆ. ಅವರ ಶತ್ರು ಉಪ್ಪುಗಾಳಿ. ವೈರು ಸೇರಿಸುವ ಕನೆಕ್ಟರುಗಳ ಒಳಗೆ ಹಸಿರು ಕಿಲುಬು ಹಿಡಿದು ಮೋಟಾರು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಸುತ್ತ ರಬ್ಬರ್ ಬಿರಡೆ ಇರುವ ಕನೆಕ್ಟರ್ ಇರಲಿ, ದೂಳು, ನೀರು ಒಳಹೋಗದೆಂದು ಸೂಚಿಸುವ ಐಪಿ 65 ಅಥವಾ ಅದಕ್ಕೂ ಮೇಲ್ಮಟ್ಟದ ಗುರುತು ಇರಲಿ. ಆ ಗುರುತಿದ್ದರೂ ನೀರು ನಿಂತ ಅಂಡರ್‌ಪಾಸಿನೊಳಗೆ ಇಳಿಯಬೇಡಿ.

ಖರ್ಚಿನಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದು. ಎಷ್ಟೋ ಕಿಟ್ಟುಗಳಲ್ಲಿ ಮೋಟಾರಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಲೆ ಅದಕ್ಕಿದೆ. ಹಣ ಉಳಿಸಲು ಜಾಗವಿರುವುದೂ ಇಲ್ಲೇ, ಕಳಪೆ ಕೊಂಡಲ್ಲ, ದೊಡ್ಡದು ಕೊಳ್ಳದೆ. 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವ್ಯಾಟ್ ಅವರ್ ಇರುತ್ತದೆ. ಏರುತಗ್ಗಿನ ದಾರಿಯಲ್ಲಿ ಕಿಲೊಮೀಟರಿಗೆ 12ರಿಂದ 15 ವ್ಯಾಟ್ ಅವರ್ ಖರ್ಚೆಂದು ಹಿಡಿದು, ಪೂರ್ತಿ ಬರಿದು ಮಾಡದೆ ಬಳಸಿದರೆ ಸುಮಾರು 20 ಕಿಲೊಮೀಟರ್ ಬರುತ್ತದೆ. ದಿನಕ್ಕೆ ಆರೇಳು ಕಿಲೊಮೀಟರ್ ಓಡಾಡುವವರಿಗೆ ಇದೇ ಹೆಚ್ಚು. ಸೀಸದ ಬ್ಯಾಟರಿ ಅಗ್ಗವೆಂದು ಹೇಳುತ್ತಾರೆ. ಇಷ್ಟೇ ಸಾಮರ್ಥ್ಯಕ್ಕೆ ಅದು ಹತ್ತು ಕಿಲೊ ದಾಟುತ್ತದೆ, ಬೇಗ ಸೋಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದ್ದು ತುಸು ತೂಕವಾದರೂ ಬಿಸಿಗೆ ಬೆದರುವುದು ಕಡಿಮೆ, ಬಾಳಿಕೆ ಹೆಚ್ಚು. ಒಳಗೆ ಬಿಎಂಎಸ್ ಎಂಬ ಕಾವಲು ಸರ್ಕಿಟ್ ಇರಲೇಬೇಕು. ಚಾರ್ಜರ್ ಅದೇ ಬ್ಯಾಟರಿಗೆಂದು ಕೊಟ್ಟದ್ದೇ ಆಗಿರಬೇಕು. ಪಿನ್ ಹೊಂದಿದರೂ ಬೇರೆಯದನ್ನು ಚುಚ್ಚಬೇಡಿ.

ಕಾಲಿನಲ್ಲಿ ಸ್ಪರ್ಶಜ್ಞಾನವಿಲ್ಲದವರ ಮನೆಯವರಿಗೆ ಒಂದು ವಿನಂತಿ. ಬ್ಯಾಟರಿ, ಕಂಟ್ರೋಲರ್ ಯಾವುದನ್ನೂ ಅವರ ತೊಡೆಯ ಕೆಳಗೆ, ಪಾದದ ಪಕ್ಕ ಕಟ್ಟಬೇಡಿ. ಕಂಟ್ರೋಲರಿನ ಪೆಟ್ಟಿಗೆ ಏರಿನಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಬಹುದು. ಚರ್ಮ ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ, ಮನೆಗೆ ಬಂದ ಮೇಲೆ ಗಾಯ ಕಣ್ಣಿಗೆ ಬೀಳುತ್ತದೆ. ಆ ಗಾಯ ತಿಂಗಳುಗಟ್ಟಲೆ ಮಲಗಿಸಿಬಿಡಬಲ್ಲದು.

ಹಣವಿದ್ದವರಿಗೆ ಸಿದ್ಧ ಸಾಧನಗಳೂ ಇವೆ. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡು 2021ರಲ್ಲಿ ಬಂದ ನಿಯೋಬೋಲ್ಟ್, ಗಾಲಿಕುರ್ಚಿಯ ಮುಂದೆ ಸಿಕ್ಕಿಸಿಕೊಳ್ಳುವ ಮೋಟಾರು ಚಕ್ರ. ಆಗ ಅದರ ಬೆಲೆ 55,000 ರೂಪಾಯಿ ಇತ್ತು. ಹಣವಿಲ್ಲದವರು ಕಿಟ್ ಕೊಳ್ಳುವ ಮೊದಲೇ, ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯನ್ನು ವಿಚಾರಿಸಬೇಕು. ಕಾನ್ಪುರದ ಅಲಿಮ್ಕೊ ಸಂಸ್ಥೆ ತಯಾರಿಸುವ ಮೋಟಾರು ತ್ರಿಚಕ್ರಗಳು ತೀವ್ರ ಅಂಗವೈಕಲ್ಯ ಇರುವವರಿಗೆ ಆ ಯೋಜನೆಯಲ್ಲಿ ಸಿಗುತ್ತವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಹಿಡಿದುಕೊಂಡು ನಿಮ್ಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಪಂಚಾಯತಿಯಲ್ಲಿ ಅಂಗವಿಕಲರಿಗೆಂದು ಮೀಸಲಿಡುವ ಶೇಕಡಾ 5ರ ನಿಧಿಯ ಬಗ್ಗೆಯೂ ಬಾಯಿಬಿಟ್ಟು ಕೇಳಿ. ಅದು ಕೇಳುವ ಹಕ್ಕಿನ ಹಣ.

ಕಾನೂನಿನ ವಿಷಯ. 250 ವ್ಯಾಟಿಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೊಮೀಟರಿಗಿಂತ ಕಡಿಮೆ ವೇಗ ಇರುವ ಬ್ಯಾಟರಿ ವಾಹನ, ನಿಗದಿತ ಪರೀಕ್ಷಾ ಸಂಸ್ಥೆಯ ದೃಢೀಕರಣ ಪಡೆದಿದ್ದರೆ, ನಿಯಮದ ಪ್ರಕಾರ ಮೋಟಾರು ವಾಹನವೆನಿಸುವುದಿಲ್ಲ. ನೋಂದಣಿಯ ಗೋಜು ಅದಕ್ಕಿಲ್ಲ. ವರ್ಕ್‌ಶಾಪಿನಲ್ಲಿ ಜೋಡಿಸಿದ ಸೈಕಲಿಗೆ ಅಂಥ ದೃಢೀಕರಣ ತಾನಾಗಿ ಬರುವುದಿಲ್ಲ. ನಾನು ಸಾಕೆಂದ 250 ವ್ಯಾಟ್ ಕೂಡ ಈ ಮಿತಿಯ ಅಂಚಿನಲ್ಲೇ ಇದೆ, ಮಿತಿಯೊಳಗೆ ಅಲ್ಲ. ಆದ್ದರಿಂದ ಮೋಟಾರಿನ ವಿವರಪತ್ರ ಮತ್ತು ಸೈಕಲಿನ ಫೋಟೊ ತೆಗೆದುಕೊಂಡು, ಹಣ ಕೊಡುವ ಮೊದಲು, ಸಾರಿಗೆ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಅಂಗಡಿಯವನಿಗೆ ಪೂರ್ತಿ ಹಣವನ್ನು ಒಂದೇ ಸಲ ಕೊಡಬೇಡಿ. ಕಿಟ್ ಜೋಡಿಸಿದ ದಿನವೇ, ನೀವು ಅಳೆದಿಟ್ಟ ಆ ಏರಿಗೆ ಅವನನ್ನೂ ಕರೆದುಕೊಂಡು ಹೋಗಿ. ಹಿಂದೆ ಒಬ್ಬರು ಕೈ ಕೊಡಲು ಸಿದ್ಧರಿರಲಿ. ಏರಿನ ನಡುವೆ ನಿಲ್ಲಿಸಿ, ಬ್ರೇಕ್ ಹಿಡಿದು, ಮತ್ತೆ ಹೊರಡಿ. ಇಳಿಯುವಾಗಲೂ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಎರಡೂ ಸರಿಯಾಗಿ ನಡೆದರೆ ಉಳಿದ ಹಣ ಕೊಡಿ, ಬಿಲ್ಲು ಮತ್ತು ಬ್ಯಾಟರಿಯ ವಾರಂಟಿ ಚೀಟಿಯನ್ನು ಅಲ್ಲೇ ಬರೆಸಿಕೊಳ್ಳಿ. ನಮಸ್ಕಾರ.