ಮನೆಯಂಗಳದಲ್ಲಿ ಕಾರಿನ ಆಕ್ಸಲ್ ಬದಲಾವಣೆ

ಆಕಾಶವಾಣಿ ಕಾರವಾರ ಕೇಂದ್ರದ ಶ್ರೋತೃಗಳಿಗೆ ನಮಸ್ಕಾರ. ಕಾರಿನ ದುರಸ್ತಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಉತ್ಸಾಹವುಳ್ಳವರು, ಅದರಲ್ಲಿಯೂ ಗ್ಯಾರೇಜು ದೂರವಿರುವ ಸಿದ್ದಾಪುರ, ಯಲ್ಲಾಪುರ, ಜೊಯಿಡಾ ಕಡೆಯ ಹಳ್ಳಿಗಳವರು ನನ್ನ ಮಾತನ್ನು ಗಮನವಿಟ್ಟು ಕೇಳಬೇಕೆಂದು ಕೋರುತ್ತೇನೆ.

1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800ರಂತೆ ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಗೇರ್ ಬಾಕ್ಸಿನಿಂದ ಆ ಶಕ್ತಿಯನ್ನು ಒಯ್ಯುವ ಉಕ್ಕಿನ ದಂಡವೇ ಆಕ್ಸಲ್. ಅದರ ಹೊರತುದಿಯಲ್ಲಿ, ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಶಕ್ತಿ ದಾಟಿಸುವ ಕೀಲಿನಲ್ಲಿ, ಅಂದರೆ ಸಿವಿ ಜಾಯಿಂಟಿನಲ್ಲಿ, ಆರು ಉಕ್ಕಿನ ಗುಂಡುಗಳು ಗ್ರೀಸಿನೊಳಗೆ ಓಡಾಡುತ್ತಿರುತ್ತವೆ. ಅದಕ್ಕೆ ಹೊದಿಸಿದ ರಬ್ಬರ್ ಬೂಟು ಹರಿದರೆ ಗ್ರೀಸು ಹೊರಚೆಲ್ಲಿ, ಮಳೆಗಾಲದ ಕೆಸರು ಒಳಹೊಕ್ಕು ಗುಂಡುಗಳನ್ನು ತಿಂದುಹಾಕುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಮುಂದಿನ ಚಕ್ರದಿಂದ ಕಟಕಟ ಸದ್ದು ಬಂದರೆ ಆಕ್ಸಲ್ ಬದಲಿಸುವ ಕಾಲ ಬಂದಿದೆ ಎಂದು ತಿಳಿಯಿರಿ.

ಬದಲಿಸುವ ಮೊದಲು ಒಂದು ಮಾತು. ಜಾಕ್ ಇರುವುದು ಕಾರನ್ನು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಹೊತ್ತು ನಿಲ್ಲಲು ಉಕ್ಕಿನ ಸ್ಟ್ಯಾಂಡ್ ಬೇಕು.

ಶಿರಸಿ ಸಮೀಪದ ಅಡಿಕೆ ಬೆಳೆಗಾರರೊಬ್ಬರು ಒಂದು ಮಳೆಗಾಲದ ಕೊನೆಯಲ್ಲಿ ತಮ್ಮ ಅಳಿಯನೊಡನೆ ಈ ಕೆಲಸಕ್ಕೆ ಕೈಹಾಕಿದರು. ಆಕ್ಸಲ್ ತಂದಿದ್ದರು, ಪಾನಾಗಳೆಲ್ಲ ಇದ್ದವು, ಸ್ಟ್ಯಾಂಡ್ ಮಾತ್ರ ಇರಲಿಲ್ಲ. ಅಂಗಳದ ಮೂಲೆಯಲ್ಲಿ ಮನೆ ಕಟ್ಟಿ ಉಳಿದಿದ್ದ ಚಿರೇಕಲ್ಲುಗಳನ್ನು ಕಾರಿನಡಿಗೆ ಒಂದರ ಮೇಲೊಂದು ಪೇರಿಸಿ ಜಾಕ್ ತೆಗೆದುಬಿಟ್ಟರು. ತುಕ್ಕು ಹಿಡಿದ ಆಕ್ಸಲ್ ಚಕ್ರದ ನಡುವಿನ ಹಬ್ ಎಂಬ ಭಾಗದಿಂದ ಹೊರಬರಲಿಲ್ಲ. ಸುತ್ತಿಗೆಯಿಂದ ಹೊಡೆದರು, ಒಬ್ಬರು ದಣಿದಾಗ ಇನ್ನೊಬ್ಬರು ಹೊಡೆದರು, ಪ್ರತಿ ಹೊಡೆತಕ್ಕೂ ಕಾರು ಅಲುಗುತ್ತಿತ್ತು. ಅಷ್ಟರಲ್ಲಿ ಮನೆಯವರು ಆಸರಿಗೆ ಕರೆದದ್ದರಿಂದ ಇಬ್ಬರೂ ಎದ್ದು ಜಗುಲಿಗೆ ಹೋದರು. ಕಷಾಯದ ಲೋಟ ಕೈಗೆ ಬರುವುದರೊಳಗೆ ಕಲ್ಲು ಪುಡಿಯಾಗಿ ಕಾರು ನೆಲಕ್ಕೆ ಕುಸಿಯಿತು. ಸಂಜೆ ನಾನು ಹೋದಾಗ ಬ್ರೇಕಿನ ತಟ್ಟೆ ಅಂಗಳದ ಮಣ್ಣಿನಲ್ಲಿ ಹೂತುಹೋಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅಳಿಯನ ಮೊಣಕಾಲು ಇದ್ದದ್ದು ಅದೇ ಜಾಗದಲ್ಲಿ. “ನಮ್ಮ ಮನೆಯೇ ಈ ಕಲ್ಲಿನ ಮೇಲೆ ನಿಂತಿದೆ, ಕಾರು ನಿಲ್ಲದೇ ಹೋದೀತೇ ಎಂದುಕೊಂಡೆವು” ಎಂದರು ಮಾವನವರು. ಮನೆಯ ಗೋಡೆ ಕಲ್ಲಿನ ಇಡೀ ಮೈಮೇಲೆ ಭಾರ ಹಂಚುತ್ತದೆ, ಅಲುಗುವುದೂ ಇಲ್ಲ. ಕಾರು ಕಲ್ಲಿನ ಒಂದು ಅಂಚಿನ ಮೇಲೆ ಭಾರ ಹೇರುತ್ತದೆ. ತೂತುತೂತಾದ ಆ ಕಲ್ಲು ಮುನ್ಸೂಚನೆ ಕೊಡದೆ ಒಡೆಯುತ್ತದೆ. ಸ್ಟ್ಯಾಂಡ್ ಇಲ್ಲದವರು ದಯವಿಟ್ಟು ಈ ಕೆಲಸವನ್ನು ಆರಂಭಿಸಲೇಬೇಡಿ.

ಸಮಯ ಕಡಿಮೆ ಉಳಿದಿರುವುದರಿಂದ ಮುಂದಿನದನ್ನು ಬೇಗ ಹೇಳುತ್ತೇನೆ. ಆಕ್ಸಲನ್ನು ಹಬ್ಬಿಗೆ ಬಿಗಿದಿರುವ ಹಬ್ ನಟ್ಟಿನ ಬಗ್ಗಿಸಿದ ಅಂಚನ್ನು ಬಿಡಿಸಿ, ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲು ಆ ನಟ್ಟನ್ನು ಸಡಿಲಿಸಿ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ ನಟ್ಟು ಕಚ್ಚಿಕೊಂಡಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗಟ್ಟಿ ನೆಲದ ಮೇಲೆ ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಚಕ್ರ ಬಿಚ್ಚಿ, ಗೇರ್ ಆಯಿಲ್ ಇಳಿಸಿ, ಹಬ್ಬನ್ನು ಕೆಳಗೆ ಹಿಡಿದಿರುವ ಗುಂಡುಕೀಲನ್ನು, ಅಂದರೆ ಬಾಲ್ ಜಾಯಿಂಟನ್ನು, ಬೇರ್ಪಡಿಸಿದರೆ ಹೊರತುದಿ ಹಬ್ಬಿನಿಂದ ಬಿಡುತ್ತದೆ. ಒಳತುದಿಯನ್ನು ಗೇರ್ ಬಾಕ್ಸಿನ ಬಳಿ ಸಲಾಕೆಯಿಂದ ಮೀಟಬೇಕು. ದಂಡ ಹಿಡಿದು ಎಳೆದರೆ ಒಳಗಿನ ಜಾಯಿಂಟು ಕಳಚಿಕೊಳ್ಳುತ್ತದೆ. ಹೊಸದನ್ನು ಕೂರಿಸುವಾಗ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿಗೆ ಪೆಟ್ಟಾಗದಂತೆ ನೋಡಿಕೊಂಡು, ಒಳತುದಿಯನ್ನು ಹಿಡಿದಿಡುವ ಉಂಗುರವಾದ ಸರ್ಕ್ಲಿಪ್ ಟಕ್ಕೆಂದು ಕೂರುವವರೆಗೆ ಒತ್ತಿ. ಹಬ್ಬಿಗೆ ಹೊಸ ನಟ್ಟನ್ನೇ ಹಾಕಿ. ಬಾಲ್ ಜಾಯಿಂಟು, ಚಕ್ರಗಳನ್ನು ಮತ್ತೆ ಜೋಡಿಸಿ ಕಾರನ್ನು ಇಳಿಸಿದ ಮೇಲೆ ಆ ನಟ್ಟನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 175ರಿಂದ 250 ನ್ಯೂಟನ್ ಮೀಟರ್ ಬೇಕಾಗುತ್ತದೆ, ನಿಮ್ಮ ಕಾರಿನ ಕೈಪಿಡಿಯ ಅಂಕಿಯನ್ನೇ ಪಾಲಿಸಿ. ನಟ್ಟಿನ ಅಂಚನ್ನು ಮತ್ತೆ ಬಗ್ಗಿಸಿ, ಗೇರ್ ಆಯಿಲ್ ತುಂಬುವುದನ್ನು ಮರೆಯದಿರಿ.

ಮರುದಿನ ಬೆಳಿಗ್ಗೆ ಗೇರ್ ಬಾಕ್ಸಿನಡಿ ಎಣ್ಣೆಯ ಹನಿ ಕಂಡರೆ ಸೀಲ್ ಹಾಳಾಗಿದೆಯೆಂದು ಅರ್ಥ. ಆಗ ಆಕ್ಸಲನ್ನು ಮತ್ತೆ ಕಳಚಬೇಕಾಗುತ್ತದೆ, ಆಗಲೂ ಸ್ಟ್ಯಾಂಡ್ ಇಟ್ಟುಕೊಂಡೇ. ನಮಸ್ಕಾರ.