ಊಟ ಬಿಡುವುದು ಹಟವಲ್ಲ

ಕೇಳುಗರಿಗೆ ನಮಸ್ಕಾರ. ಹರೆಯದ ಹುಡುಗಿ ಊಟ ಬಿಟ್ಟು ಸೊರಗಿದರೆ ಜನ ಮೊದಲು ಅವಳ ಹಟವನ್ನು ಬೈಯುತ್ತಾರೆ, ಆಮೇಲೆ ತಾಯಿ ಸಾಕಿದ ರೀತಿಯನ್ನು. ಹುಡುಗರಿಗೂ ಬರುವ ಅನೊರೆಕ್ಸಿಯಾ ನರ್ವೋಸಾ ಎಂಬ ಈ ಕಾಯಿಲೆಯ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ.

ಸುಳಿವು ಕೊಟ್ಟದ್ದು ಅವಳಿಗಳು. ಒಂದೇ ಅಂಡದಿಂದ ಹುಟ್ಟಿದವರ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದವರಲ್ಲಿ ಸರಾಸರಿ ಅರ್ಧ. ಒಬ್ಬರಿಗೆ ಕಾಯಿಲೆ ಬಂದಾಗ ಇನ್ನೊಬ್ಬರಿಗೂ ಬರುವುದು ಮೊದಲ ಗುಂಪಿನಲ್ಲೇ ಹೆಚ್ಚು. ಈ ಅಂತರದಿಂದ ಲೆಕ್ಕ ಹಾಕಿದ ಅನುವಂಶೀಯತೆ ಶೇಕಡಾ 50ರಿಂದ 60ರ ಆಸುಪಾಸು. ಈ ಅಂಕಿಯನ್ನು ತಪ್ಪಾಗಿ ಓದುವವರೇ ಬಹಳ. ಮಗಳಿಗೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 60 ಎಂದಲ್ಲ. ಒಂದು ಜನಸಮೂಹದಲ್ಲಿ ಕೆಲವರಿಗೆ ಇದರ ಒಲವು ಹೆಚ್ಚು, ಕೆಲವರಿಗೆ ಕಡಿಮೆ ಇರುತ್ತದಲ್ಲ, ಆ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಅಷ್ಟು. ರೋಗಿಯ ಅಕ್ಕತಂಗಿಯರಲ್ಲೂ ಹೆಚ್ಚಿನವರಿಗೆ ಇದು ಬರುವುದಿಲ್ಲ.

2019ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆ ಪ್ರಕಟಿಸಿದ ಅಧ್ಯಯನವು 16,992 ರೋಗಿಗಳ ಡಿಎನ್‌ಎಯನ್ನು ಕಾಯಿಲೆ ಇಲ್ಲದ 55,525 ಜನರ ಡಿಎನ್‌ಎ ಜೊತೆ ಹೋಲಿಸಿ, ಕಾಯಿಲೆಯ ಜೊತೆ ನಂಟಿರುವ ಎಂಟು ತಾಣಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಯಾವುದೂ ತಾನೊಂದೇ ಕಾಯಿಲೆ ತರುವಷ್ಟು ಬಲದ್ದಲ್ಲ. ಗೀಳು, ಖಿನ್ನತೆ, ಆತಂಕಗಳ ಜೊತೆ ನಂಟು ಕಂಡದ್ದು ನಿರೀಕ್ಷಿತವೇ. ಅಚ್ಚರಿಯೆಂದರೆ, ಕಡಿಮೆ ಇನ್ಸುಲಿನ್, ಕಡಿಮೆ ತೂಕ, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಹೆಚ್ಚಿರುವುದು, ಹೆಚ್ಚು ಓಡಾಟ ಇವುಗಳ ಜೊತೆಗೂ ನಂಟು ಕಂಡಿತು. ಅಂದರೆ ದೇಹ ಶಕ್ತಿಯನ್ನು ಬಳಸುವ ರೀತಿಯೂ ಇದರಲ್ಲಿ ಸೇರಿದೆ. ಆಸ್ಪತ್ರೆಯಲ್ಲಿ ಏರಿಸಿದ ತೂಕ ಮನೆಗೆ ಬಂದಮೇಲೆ ಮತ್ತೆ ಇಳಿಯಲು ಇದೂ ಒಂದು ಕಾರಣವಿರಬಹುದು.

ಆ ಡಿಎನ್‌ಎ ಯುರೋಪ್ ಮೂಲದವರದ್ದು. ಆದ್ದರಿಂದ ಈ ಕಾಯಿಲೆಯನ್ನು ಮೊದಲೇ ಹೇಳುತ್ತೇವೆನ್ನುವ ಡಿಎನ್‌ಎ ಕಿಟ್‌ಗೆ ಇಲ್ಲಿ ದುಡ್ಡು ಸುರಿಯುವುದು ದಂಡ. ಮನೆತನದ ಹಿನ್ನೆಲೆ ಕೇಳುವುದೇ ಮೇಲು: ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರಲ್ಲಿ ಯಾರಾದರೂ ಹೀಗೆ ಸೊರಗಿದ್ದರೇ? ಆಗ ಮನೆಯವರಿಗೆ ರೋಗದ ಹೆಸರು ಗೊತ್ತಿರಲಿಕ್ಕಿಲ್ಲ, ‘ಉಪವಾಸದ ಹುಚ್ಚು’ ಎಂದಿರಬಹುದು. ಹಾಗಿದ್ದರೆ ಮಕ್ಕಳಿಗೆ ತೂಕ ಇಳಿಸುವ ಡಯೆಟ್ ಹಚ್ಚಬೇಡಿ. ಒಲವು ಇದ್ದವರಲ್ಲಿ ಕಾಯಿಲೆ ಎಷ್ಟೋ ಸಲ ಡಯೆಟ್‌ನಿಂದಲೇ ಶುರುವಾಗುತ್ತದೆ, ಅದೂ ಹರೆಯದಲ್ಲಿ.

ಮೂರು ತಿಂಗಳು ಮುಟ್ಟು ನಿಂತರೆ, ಕೈಕಾಲು ಸದಾ ತಣ್ಣಗಿದ್ದರೆ ವೈದ್ಯರಿಗೆ ತೋರಿಸಿ. ಸುಮ್ಮನೆ ಕುಳಿತಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ತಲೆಸುತ್ತಿ ಬಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾರಗಟ್ಟಲೆ ಹೊಟ್ಟೆಗಿಲ್ಲದವರಿಗೆ ಮನೆಯಲ್ಲಿ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸುವುದೂ ಅಪಾಯ: ರಕ್ತದಲ್ಲಿರುವ ಫಾಸ್ಫೇಟ್ ಎಂಬ ಲವಣದ ಮಟ್ಟ ಕುಸಿದು ಹೃದಯದ ಲಯ ತಪ್ಪಬಹುದು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಾ ಊಟವನ್ನು ಹಂತಹಂತವಾಗಿ ಏರಿಸುತ್ತಾರೆ. ಎಲ್ಲಿ ತೋರಿಸಬೇಕೆಂದು ತೋಚದಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.