ಗಮನ ಹೊರಳಿಸುವ ಅಭ್ಯಾಸ

ಕೇಳುಗರಿಗೆ ನಮಸ್ಕಾರ. ಜೋಳದ ರೊಟ್ಟಿ ಬಡಿಯುವುದನ್ನು ನೋಡದ ಮನೆ ನಮ್ಮ ಕಲಬುರಗಿ ಸೀಮೆಯಲ್ಲಿ ಇರಲಾರದು. ಒಂದು ರೊಟ್ಟಿ ಹಂಚಿನ ಮೇಲೆ ಬೇಯುತ್ತಿರುವಾಗಲೇ ಇನ್ನೊಂದು ಕೈಯ ಕೆಳಗೆ ಅಗಲವಾಗುತ್ತಿರುತ್ತದೆ. ಹಂಚಿನ ಮೇಲಿನದಕ್ಕೆ ಸವರಿದ ನೀರು ಆರುವ ಹೊತ್ತಿಗೆ ಸರಿಯಾಗಿ ಕೈ ಅದನ್ನು ಮಗುಚುತ್ತದೆ. ನಾನು ಈ ಕೆಲಸವನ್ನು ನಲವತ್ತು ವರ್ಷಗಳಿಂದ ಮಾಡುತ್ತಿದ್ದೇನೆ, ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವುದು ಅದರ ನಂತರ ಬಂದದ್ದು. ಐವತ್ತೈದು ದಾಟಿದ ಮೇಲೆ ಒಂದು ಬದಲಾವಣೆ ಕಂಡಿತು. ರೊಟ್ಟಿ ಬಡಿಯುವಾಗ ಪಡಸಾಲೆಯಿಂದ ಯಾರಾದರೂ "ಲೈಟ್ ಬಿಲ್ ಕಟ್ಟೀರೇನ್ರಿ?" ಎಂದು ಕೇಳಿದರೆ, ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಹಂಚಿನ ಮೇಲಿನದು ಕರಿದಾಗಿರುತ್ತದೆ. ಹಂಚಿನ ಮೇಲೆ ರೊಟ್ಟಿ ಇದೆ ಎಂಬುದನ್ನು ನಾನು ಮರೆತಿರಲಿಲ್ಲ. ರೊಟ್ಟಿಯಿಂದ ಬಿಲ್ಲಿಗೆ ಹೋದ ಮನಸ್ಸು ಬಿಲ್ಲಿನಿಂದ ರೊಟ್ಟಿಗೆ ಮರಳಲು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತ್ತು, ಅಷ್ಟೆ. ಇದನ್ನೇ ಗಮನದ ಹೊರಳಿಕೆ ಎನ್ನುತ್ತೇನೆ. ಐವತ್ತು ದಾಟಿದವರು ಇದನ್ನು ಅಭ್ಯಾಸದಿಂದ ಎಷ್ಟರ ಮಟ್ಟಿಗೆ ಸುಧಾರಿಸಿಕೊಳ್ಳಬಹುದು ಎಂಬುದೇ ಇಂದಿನ ಮಾತಿನ ವಿಷಯ.

ಹೊರಳಿಕೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಪ್ರಯೋಗದಿಂದ ಮೊದಲು ಅಳೆದವರಲ್ಲಿ ಅಮೆರಿಕದ ಆರ್ಥರ್ ಜರ್ಸಿಲ್ಡ್ ಪ್ರಮುಖರು. 1927ರಲ್ಲಿ ಪ್ರಕಟವಾದ ಅವರ ಕೆಲಸದ ತಿರುಳು ಬಹಳ ಸರಳವಾದದ್ದು. ಸಂಖ್ಯೆಗಳ ಒಂದು ಪಟ್ಟಿಯುದ್ದಕ್ಕೂ ಬರೀ ಕೂಡುತ್ತ ಹೋಗುವುದಕ್ಕಿಂತ, ಒಂದಕ್ಕೆ ಕೂಡಿ ಮುಂದಿನದರಿಂದ ಕಳೆಯುತ್ತ ಹೋಗುವುದಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ. ಪ್ರತಿಯೊಂದು ಲೆಕ್ಕವೂ ಸುಲಭವಾದದ್ದೇ. ಸಮಯವನ್ನು ತಿನ್ನುವುದು ಎರಡರ ನಡುವಿನ ತಿರುವು. 1995ರಲ್ಲಿ ರಾಬರ್ಟ್ ರಾಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ ಇದರ ಮೇಲೆ ಇನ್ನೊಂದು ಸಂಗತಿಯನ್ನು ತೋರಿಸಿದರು: ಮುಂದಿನ ಕೆಲಸ ಯಾವುದೆಂದು ಮೊದಲೇ ಗೊತ್ತಿದ್ದು ಸಿದ್ಧವಾಗಲು ಬಿಡುವು ಸಿಕ್ಕಿದರೆ ಆ ಬೆಲೆ ಇಳಿಯುತ್ತದೆ, ಆದರೆ ಪೂರ್ತಿಯಾಗಿ ಅಳಿಯುವುದಿಲ್ಲ. ಇಪ್ಪತ್ತರ ಹರೆಯದವರೂ ಇದನ್ನು ತೆರುತ್ತಾರೆ. ಆದ್ದರಿಂದ ನಮ್ಮ ವಯಸ್ಸಿನವರು ತಮ್ಮಲ್ಲಿ ಈ ತಡವರಿಕೆಯನ್ನು ಕಂಡ ಕೂಡಲೇ ಬುದ್ಧಿಯೇ ಮಂಕಾಯಿತೆಂದು ಅಂಜಬೇಕಾಗಿಲ್ಲ.

ವಯಸ್ಸಿನೊಡನೆ ಬದಲಾಗುವುದು ನಿಖರವಾಗಿ ಯಾವುದು ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಜರ್ಮನಿಯ ಜುಟ್ಟಾ ಕ್ರೇ ಮತ್ತು ಉಲ್ಮಾನ್ ಲಿಂಡೆನ್‌ಬರ್ಗರ್ 2000ದಲ್ಲಿ ಎರಡು ಬಗೆಯ ಬೆಲೆಗಳನ್ನು ಬೇರ್ಪಡಿಸಿ ನೋಡಿದರು. ಹೊರಳುವ ಆ ಒಂದು ಕ್ಷಣದ ತಡ ಒಂದು ಬಗೆ. ಎರಡು ಕೆಲಸಗಳನ್ನೂ ಮನಸ್ಸಿನಲ್ಲಿ ಸಿದ್ಧವಾಗಿ ಹಿಡಿದುಕೊಂಡು, ಈಗ ಯಾವುದರ ಸರದಿ ಎಂದು ಕಾಯ್ದುಕೊಂಡಿರುವ ಭಾರ ಇನ್ನೊಂದು ಬಗೆ. ವಯಸ್ಸಾದವರಲ್ಲಿ ಹೆಚ್ಚು ಎದ್ದುಕಂಡದ್ದು ಈ ಎರಡನೆಯದು. ಕಲಬುರಗಿಯ ಧಾನ್ಯದ ಪೇಟೆಯಾದ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ತೊಗರಿಯ ಸುಗ್ಗಿಯ ದಿನ ಹೊತ್ತು ಕಳೆದವರಿಗೆ ಇದರ ಅರ್ಥ ಬೇಗ ಆಗುತ್ತದೆ. ರೈತರೊಡನೆ ಕನ್ನಡದಲ್ಲಿ ದರದ ಮಾತು, ಹಮಾಲರೊಡನೆ ದಖನಿ ಉರ್ದುವಿನಲ್ಲಿ ಚೀಲದ ಎಣಿಕೆ, ಸೋಲಾಪುರದಿಂದ ಬಂದ ಫೋನಿಗೆ ಮರಾಠಿಯಲ್ಲಿ ಉತ್ತರ, ನಡುವೆ ಪಟ್ಟಿ ಬರೆಯುವ ಗುಮಾಸ್ತನಿಗೆ ತೂಕ ಹೇಳುವುದು. ಮಾಲೀಕರು ಭಾಷೆಯಿಂದ ಭಾಷೆಗೆ ತಿರುಗುವಾಗ ಎಡವುವುದು ಅಪರೂಪ. ಎಣಿಕೆ ಎಲ್ಲಿಗೆ ನಿಂತಿತ್ತು ಎಂಬುದನ್ನು ಹಿಡಿದಿಟ್ಟುಕೊಳ್ಳುವುದರಲ್ಲೇ ಸಂಜೆಯ ಹೊತ್ತಿಗೆ ಅವರು ಸೋತು ಹೋಗಿರುತ್ತಾರೆ. ಹಲವು ಭಾಷೆಗಳನ್ನು ಆಡುವವರಿಗೆ ಈ ಸಾಮರ್ಥ್ಯ ತಾನಾಗಿ ಬಲಿತಿರುತ್ತದೆ ಎಂಬ ಮಾತನ್ನು ನಮ್ಮ ಕಡೆಯವನೇ ಆದ ಹೆಮ್ಮೆಯಿಂದ ಒಪ್ಪಲು ಮನಸ್ಸಾಗುತ್ತದೆ, ಆದರೆ ಸಂಶೋಧಕರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಆ ಲಾಭ ಕಾಣಸಿಗದ ಅಧ್ಯಯನಗಳೂ ಹಲವಿವೆ.

ಇನ್ನು ತರಬೇತಿಯ ಮಾತು. 2009ರಲ್ಲಿ ಯೂಲಿಯಾ ಕಾರ್ಬಾಖ್ ಮತ್ತು ಕ್ರೇ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳು, ಯುವಕರು, ಅರವತ್ತು ದಾಟಿದವರು, ಹೀಗೆ ಮೂರು ತಲೆಮಾರಿನವರು ಹೊರಳಿಕೆಯನ್ನು ಅಭ್ಯಾಸ ಮಾಡಿದರು. ಅಭ್ಯಾಸ ಮಾಡಿದವರ ಸಾಮರ್ಥ್ಯ ಅದೇ ಬಗೆಯ, ಆದರೆ ತಾವು ಮೊದಲು ನೋಡಿರದ ಕೆಲಸಗಳಲ್ಲಿಯೂ ಹೆಚ್ಚಿತು. ವಯಸ್ಸಾದವರೂ ಅದರಿಂದ ಹೊರತಾಗಿರಲಿಲ್ಲ. ಅದೇ ಪ್ರಯೋಗ ಹೊರಳಿಕೆಗೆ ನೇರ ಸಂಬಂಧವಿಲ್ಲದ ಸಾಮರ್ಥ್ಯಗಳಲ್ಲಿಯೂ ಲಾಭ ಕಂಡಿತ್ತು, ಆದರೆ ನಂತರದ ಪ್ರಯೋಗಗಳೆಲ್ಲ ಅಷ್ಟು ವಿಶಾಲವಾದ ಫಲವನ್ನು ಕಾಣಲಿಲ್ಲ. ಅಮೆರಿಕದಲ್ಲಿ 65 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 2,832 ಜನರ ಮೇಲೆ ನಡೆದ 'ಆಕ್ಟಿವ್' ಎಂಬ ದೊಡ್ಡ ಅಧ್ಯಯನವೂ ಎಚ್ಚರದಿಂದ ಮಾತಾಡುವಂತೆ ಮಾಡುತ್ತದೆ. ಅಲ್ಲಿ ಸ್ಮರಣೆಯ ತರಬೇತಿ ಪಡೆದವರು ಸ್ಮರಣೆಯಲ್ಲಿ, ತರ್ಕದ ತರಬೇತಿ ಪಡೆದವರು ತರ್ಕದಲ್ಲಿ ಮುಂದೆ ಬಂದರು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಹೀಗಿರುವಾಗ, ಮೊಬೈಲಿನಲ್ಲಿ ಒಂದು ಆಟ ಆಡಿದರೆ ಇಡೀ ಮಿದುಳು ಚುರುಕಾಗುತ್ತದೆ ಎಂದು ಮಾರುವವರ ಮಾತಿಗೆ ಹಿರಿಯರು ನಿವೃತ್ತಿಯ ಹಣ ತೆತ್ತು ಮೋಸಹೋಗುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಯಾವ ಹೊರಳಿಕೆ ನಿಮ್ಮ ದಿನದಲ್ಲಿ ಕಷ್ಟವಾಗಿದೆಯೋ ಅದನ್ನೇ ಅಭ್ಯಾಸ ಮಾಡಿ ಎಂಬುದು ನನ್ನ ಸಲಹೆ.

ಅದಕ್ಕೆ ನಮ್ಮಲ್ಲೇ ಒಂದು ದೊಡ್ಡ ಮಾದರಿ ಇದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಎಂಟು ಕಡೆಯಿಂದ ಅವಧಾನಿಯ ಗಮನವನ್ನು ಎಳೆಯುತ್ತಾರೆ. ಒಬ್ಬರು ಪದ್ಯವಾಗಿ ಪೂರ್ತಿ ಮಾಡಬೇಕಾದ ಒಂದು ತೊಡಕಿನ ಸಾಲನ್ನು 'ಸಮಸ್ಯೆ'ಯಾಗಿ ಕೊಡುತ್ತಾರೆ, ಒಬ್ಬರು ಇಂಥ ಅಕ್ಷರ ಬಳಸಬಾರದೆಂದು ಹೆಜ್ಜೆಹೆಜ್ಜೆಗೂ ತಡೆಯುತ್ತಾರೆ, ಅಪ್ರಸ್ತುತ ಪ್ರಸಂಗಿ ನಡುವೆ ಸಂಬಂಧವಿಲ್ಲದ ಪ್ರಶ್ನೆ ಹಾಕುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರು ಕನ್ನಡದಲ್ಲಿ ಈ ಕಲೆಯನ್ನು ನಮ್ಮ ಕಾಲದ ಕೇಳುಗರಿಗೆ ಮತ್ತೆ ಹತ್ತಿರ ತಂದವರು. ಅವಧಾನವನ್ನು ಕೇಳುವಾಗಲೆಲ್ಲ ನಾನು ಗಮನಿಸುವುದು ಹೋಗುವ ವೇಗಕ್ಕಿಂತ ಮರಳುವ ಖಚಿತತೆಯನ್ನು. ಪದ್ಯದ ಒಂದು ಪಾದ ಹೇಳಿ ಬಿಟ್ಟ ಜಾಗಕ್ಕೇ, ಉಳಿದ ಏಳು ಮಂದಿಯನ್ನು ಸುತ್ತಿ ಬಂದು, ಎರಡನೆಯ ಪಾದ ಕೂಡುತ್ತದೆ. ಅಂಥ ಪ್ರತಿಭೆ ನಮಗಿಲ್ಲದಿರಬಹುದು, ಆದರೆ ಬಿಟ್ಟ ಜಾಗಕ್ಕೊಂದು ಗುರುತು ಇಟ್ಟು ಹೋಗುವುದನ್ನು ಯಾರು ಬೇಕಾದರೂ ಕಲಿಯಬಹುದು. ಬಾಗಿಲು ಬಡಿದ ಸದ್ದಿಗೆ ಏಳುವ ಮೊದಲು "ಸಾರಿಗೆ ಉಪ್ಪು ಹಾಕಿದೆ, ಹುಣಸೆಹುಳಿ ಉಳಿದಿದೆ" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಮುಂದೆ ಮಾಡಬೇಕಾದದ್ದರ ಹೆಸರನ್ನು ಬಾಯಲ್ಲಿ ಹೇಳಿಕೊಂಡರೆ ಹೊರಳಿಕೆ ಹಗುರವಾಗುತ್ತದೆ, ಹಾಗೆ ಹೇಳಿಕೊಳ್ಳುವುದಕ್ಕೆ ಅಡ್ಡಿ ಮಾಡಿದರೆ ಭಾರವಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಒಬ್ಬರೇ ಮಾತಾಡಿಕೊಳ್ಳುತ್ತಾರೆಂದು ಮನೆಯವರು ನಕ್ಕರೆ ನಗಲಿ.

ಕೂತು ಮಾಡುವ ಅಭ್ಯಾಸಗಳಲ್ಲಿ ನನಗೆ ಹಿಡಿಸಿದ್ದು ತಿಂಗಳು ಮತ್ತು ವಾರಗಳನ್ನು ಹೆಣೆಯುವುದು. ಚೈತ್ರ, ಭಾನುವಾರ, ವೈಶಾಖ, ಸೋಮವಾರ, ಜ್ಯೇಷ್ಠ, ಮಂಗಳವಾರ ಎಂದು ಹೇಳುತ್ತ ಹೋಗಬೇಕು. ತಿಂಗಳು ಹನ್ನೆರಡು, ವಾರ ಏಳು. ಆದ್ದರಿಂದ ಫಾಲ್ಗುಣಕ್ಕೆ ಗುರುವಾರ ಜೋಡಿಯಾಗಿ, ಮರುಸುತ್ತಿನಲ್ಲಿ ಚೈತ್ರಕ್ಕೆ ಶುಕ್ರವಾರ ಬರುತ್ತದೆ. ಜೋಡಿ ಸುತ್ತುಸುತ್ತಿಗೂ ಬದಲಾಗುವುದರಿಂದ ಬಾಯಿಪಾಠವಾಗಿ ಜಡವಾಗುವುದಿಲ್ಲ. ಬೆಳಗಿನ ವಾಕಿಂಗಿನಲ್ಲಿ, ಅಪ್ಪನ ಕೆರೆಯ ದಂಡೆಯಂಥ ವಾಹನವಿಲ್ಲದ ಜಾಗದಲ್ಲಿ ಇದನ್ನು ಮಾಡಬಹುದು. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ರಸ್ತೆ ದಾಟುವಾಗ ಮಾತ್ರ ಯಾವ ಅಭ್ಯಾಸವೂ ಬೇಡ, ಫೋನೂ ಬೇಡ. ಅಲ್ಲಿ ಗಮನ ರಸ್ತೆಯೊಂದರ ಮೇಲೆಯೇ ಇರಬೇಕು.

ಅಭ್ಯಾಸಕ್ಕೆ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿಕೊಳ್ಳಿ ಎಂದೂ ಕೇಳಿಕೊಳ್ಳುತ್ತೇನೆ. ಅರ್ಧ ಕೇಳಿದ ಮಾತನ್ನು ಊಹಿಸಿಕೊಳ್ಳುವುದರಲ್ಲೇ ಗಮನವೆಲ್ಲ ಸೋರಿಹೋದರೆ ಹೊರಳುವುದಕ್ಕೆ ಉಳಿಯುವುದೇನು? ನಿದ್ದೆಗೆಟ್ಟ ಮರುದಿನದ ತಡವರಿಕೆಯನ್ನೂ ವಯಸ್ಸಿನ ಲೆಕ್ಕಕ್ಕೆ ಸೇರಿಸಬೇಡಿ. ಆದರೆ ಪರಿಚಿತ ಓಣಿಯಲ್ಲಿ ದಾರಿ ತಪ್ಪುವುದು, ದುಡ್ಡಿನ ವ್ಯವಹಾರ ಹಠಾತ್ತನೆ ಕೈತಪ್ಪುವುದು, ಕೆಲವೇ ವಾರಗಳಲ್ಲಿ ಸ್ವಭಾವ ಬದಲಾಗುವುದು, ಇವು ಬೇರೆಯೇ ಸಂಗತಿಗಳು. ಅವಕ್ಕೆ ವೈದ್ಯರನ್ನು ತಡಮಾಡದೆ ಕಾಣಬೇಕು.

ನಿಮ್ಮ ಹೊರಳಿಕೆಯನ್ನು ನೀವೇ ಅಳೆಯಲು ಒಂದು ಕಟ್ಟು ಇಸ್ಪೀಟು ಸಾಕು. ರಾಜ, ರಾಣಿ, ಗುಲಾಮರನ್ನು ತೆಗೆದಿಟ್ಟು, ಎಕ್ಕವನ್ನು ಒಂದೆಂದು ಎಣಿಸಿದರೆ ನಲವತ್ತು ಎಲೆಗಳು ಉಳಿಯುತ್ತವೆ. ಮೊದಲು ಗಡಿಯಾರ ನೋಡಿಕೊಂಡು ಎಲ್ಲವನ್ನೂ ಕೆಂಪು, ಕಪ್ಪು ಎಂದು ಎರಡು ಗುಡ್ಡೆ ಮಾಡಿ. ಮತ್ತೆ ಕಲಸಿ, ಸರಿ, ಬೆಸ ಎಂದು ಮಾಡಿ. ಮೂರನೆಯ ಸಲ ಎರಡು ಎಲೆಗಳನ್ನು ಬಣ್ಣದಿಂದ, ಮುಂದಿನ ಎರಡನ್ನು ಸರಿ-ಬೆಸದಿಂದ, ಮತ್ತೆ ಎರಡನ್ನು ಬಣ್ಣದಿಂದ, ಹೀಗೆ ಹೊರಳುತ್ತ ಹೋಗಿ. ಹೊರಳುವ ಮುನ್ನ "ಬಣ್ಣ", "ಸಂಖ್ಯೆ" ಎಂದು ಬಾಯಲ್ಲಿ ಹೇಳಿಕೊಳ್ಳಿ. ಮೊದಲೆರಡು ಸಲದ ಸರಾಸರಿಗಿಂತ ಮೂರನೆಯ ಸಲ ಎಷ್ಟು ಸೆಕೆಂಡು ಹೆಚ್ಚಾಯಿತೋ ಅದು ಹೊರಳಿಕೆಗೆ ನೀವು ತೆತ್ತ ಬೆಲೆ. ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಅದೇ ದಿನದ ಮನೆಯಲ್ಲಿ ಬರೆದಿಡಿ. ವಾರಕ್ಕೆ ಮೂರು ದಿನ ಆಡಿ, ಒಂದೂವರೆ ತಿಂಗಳಾದ ಮೇಲೆ ಆ ಹಾಳೆಗಳನ್ನು ತಿರುವಿ ನೋಡಿ. ಒಟ್ಟು ಸಮಯ ಇಳಿಯದಿದ್ದರೂ ಚಿಂತೆಯಿಲ್ಲ. ನೋಡಬೇಕಾದದ್ದು ಆ ವ್ಯತ್ಯಾಸ ಒಂದನ್ನೇ. ನಮಸ್ಕಾರ.